ಮನೆಯ ಈಜುಕೊಳ: ಕಾಂಕ್ರೀಟ್, ಫೈಬರ್‌ಗ್ಲಾಸ್ ಅಥವಾ ವಿನೈಲ್?

ಮೊದಲು ಜಾಗ ನೋಡಿ, ಆಮೇಲೆ ದುಡ್ಡು. ಜಾಗ ಸೊಟ್ಟಗಿದ್ದರೆ, ಅಥವಾ ಆಕಾರ, ಆಳ ನೀವು ಅಂದುಕೊಂಡ ಹಾಗೇ ಬೇಕು ಅಂದರೆ ಕಾಂಕ್ರೀಟೇ ಸರಿ. ಗುಂಡಿ ತೋಡಿ, ಕಬ್ಬಿಣದ ಸರಳು ಕಟ್ಟಿ, ಅದರ ಮೇಲೆ ಕಾಂಕ್ರೀಟನ್ನು ಒತ್ತಡದಲ್ಲಿ ಚಿಮ್ಮಿಸುತ್ತಾರೆ. ಕಾಂಕ್ರೀಟ್ ಬಲ ಹಿಡಿಯೋಕೆ 28 ದಿನದ ಲೆಕ್ಕ, ಅದಾದ ಮೇಲೆ ಪ್ಲಾಸ್ಟರ್ ಅಥವಾ ಟೈಲ್ಸ್, ಹಾಗಾಗಿ ಕೆಲಸ ತಿಂಗಳುಗಟ್ಟಲೆ ಎಳೆಯುತ್ತದೆ. ಒರಟು ಪ್ಲಾಸ್ಟರ್‌ನಲ್ಲಿ ಪಾಚಿ ಬೇಗ ಕೂರುತ್ತದೆ, ಬ್ರಶ್ ಹಿಡಿದು ಉಜ್ಜುವುದು ತಪ್ಪುವುದಿಲ್ಲ. ಹೊಸದರಲ್ಲಿ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರುತ್ತಲೇ ಇರುತ್ತದೆ, ಅದನ್ನು ಇಳಿಸೋಕೆ ಆಸಿಡ್ ಜಾಸ್ತಿ ಬೇಕು.

ಫೈಬರ್‌ಗ್ಲಾಸ್ ಕೊಳ ಕಾರ್ಖಾನೆಯಲ್ಲೇ ತಯಾರಾಗಿ, ದೊಡ್ಡ ಬಾನಿಯ ಹಾಗೆ ಲಾರಿಯಲ್ಲಿ ಬರುತ್ತದೆ. ಕ್ರೇನ್ ಒಳಗೆ ಬರೋಕೆ ದಾರಿ ಇದೆಯಾ ಅಂತ ಮೊದಲೇ ಅಳೆದುಕೊಳ್ಳಿ. ಲಾರಿಯಲ್ಲಿ ಹಿಡಿಸಬೇಕಲ್ವಾ, ಅದಕ್ಕೇ ಅಗಲಕ್ಕೆ ಮಿತಿ ಇದೆ. ಕೂರಿಸುವ ಕೆಲಸ ಬೇಗ ಮುಗಿಯುತ್ತದೆ, ಮೈ ನುಣುಪು, ಪಾಚಿ ಕಡಿಮೆ. ಆದರೆ ಅಂತರ್ಜಲ ಮೇಲೇ ಇರುವ ಜಾಗದಲ್ಲಿ ಸುಮ್ನೆ ನೀರು ಖಾಲಿ ಮಾಡಬೇಡಿ, ಕೆಳಗಿನ ನೀರಿನ ಒತ್ತಡಕ್ಕೆ ಇಡೀ ಕೊಳವೇ ಮೇಲೆದ್ದು ಬರಬಹುದು! ಕಾಂಕ್ರೀಟಿಗೂ ಈ ಅಪಾಯ ಇದೆ, ಆದರೆ ಹಗುರವಾದ್ದು ಬೇಗ ತೇಲುತ್ತದೆ.

ವಿನೈಲ್ ಅಂದರೆ ಗೋಡೆ ನಿಲ್ಲಿಸಿ ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸುವುದು. ಶುರುವಿನ ಖರ್ಚು ಸಾಮಾನ್ಯವಾಗಿ ಇದಕ್ಕೇ ಕಡಿಮೆ. ಚೂಪಾದ ಆಟಿಕೆಯೋ ನಾಯಿಯ ಉಗುರೋ ತಾಗಿದರೆ ಹರಿಯುತ್ತದೆ, ಸಣ್ಣ ತೂತಿಗೆ ತೇಪೆ ಹಾಕಬಹುದು, ಆದರೆ ಕೆಲವು ವರ್ಷಕ್ಕೊಮ್ಮೆ ಹಾಳೆಯನ್ನೇ ಬದಲಿಸಬೇಕು. ಮನೆಯಲ್ಲಿ ನಾಯಿ ಇದ್ದರೆ ನಾನಂತೂ ವಿನೈಲ್ ಬೇಡ ಅಂತೀನಿ.