ಉಪ್ಪುಗಾಳಿಯ ಊರಲ್ಲಿ ಸೆರಾಮಿಕ್ ಬ್ರೇಕ್ ಪ್ಯಾಡ್: ಮೂರು ಮಳೆಗಾಲದ ಬಳಿಕ

ಮೊದಲೇ ಹೇಳಿಬಿಡುತ್ತೇನೆ, ಪ್ಯಾಡ್ ಚೆನ್ನಾಗಿದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡಬಹುದು. ಆದರೆ ಬ್ರೇಕ್ ಒತ್ತಿದಾಗ ಕೀಂಯ್ ಅನ್ನುತ್ತದೆ ಅನ್ನುವ ಒಂದೇ ಕಾರಣಕ್ಕೆ ಇದನ್ನು ತಂದು ಹಾಕಿಸಿದರೆ ದುಡ್ಡು ದಂಡ ಆಗುವ ಸಾಧ್ಯತೆಯೇ ಜಾಸ್ತಿ. ನಮ್ಮ ಕರಾವಳಿಯಲ್ಲಿ ಎಷ್ಟೋ ಸಲ ಆ ಸದ್ದಿಗೆ ಕಾರಣ ಪ್ಯಾಡ್ ಅಲ್ಲ, ಪ್ಯಾಡನ್ನು ಹಿಡಿದುಕೊಂಡಿರುವ ಕ್ಯಾಲಿಪರ್. ಇದು ಯಾವುದೋ ಒಂದು ಬ್ರಾಂಡಿನ ಬಗ್ಗೆ ಅಲ್ಲ, ಸೆರಾಮಿಕ್, ಅಂದರೆ ಪಿಂಗಾಣಿ ಬಗೆಯ ನಾರು ಬೆರೆತ ಜಾತಿಯ ಪ್ಯಾಡ್ ಬಗ್ಗೆ.

ಗಾಡಿ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮನೆ ಮಲ್ಪೆ ಕಡೆ, ಕೆಲಸ ಮಣಿಪಾಲದಲ್ಲಿ. ದಿನಾ ಕಲ್ಸಂಕದ ಟ್ರಾಫಿಕ್ಕು, ಇಂದ್ರಾಳಿಯ ಏರು, ಸಂಜೆ ಅದೇ ಇಳಿಜಾರು. ರಾತ್ರಿಯಿಡೀ ಕಡಲ ಗಾಳಿಗೆ ನಿಂತಿರುವ ಗಾಡಿ. ಸಾಲದ್ದಕ್ಕೆ ಬಂದರಿನಿಂದ ಹೊರಡುವ ಮೀನಿನ ಲಾರಿಗಳು ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗುವ ನೀರು ಬೇರೆ. ನಾರುವುದು ಹಾಗಿರಲಿ, ಆ ಉಪ್ಪುನೀರು ಚಕ್ರದ ಒಳಗೆಲ್ಲ ಸಿಡಿದು ಕೂತರೆ ಕಬ್ಬಿಣ ಎಷ್ಟು ದಿನ ತಡೆದೀತು?

ಸದ್ದು ಶುರುವಾದಾಗ ಹೋಗಿದ್ದ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿ ಒಂದು ಸಲ ಇಣುಕಿ, "ಪ್ಯಾಡ್ ಹೋಗಿದೆ ಸಾರ್" ಅಂತ ಹೊಸದು ಹಾಕಿ ಕಳಿಸಿದರು. ಸ್ವಲ್ಪ ದಿನ ಸುಮ್ಮನಿತ್ತು. ಮಳೆ ಹಿಡಿದ ಮೇಲೆ ಮತ್ತೆ ಅದೇ ರಾಗ. ಆಮೇಲೆ ಸಿಕ್ಕಿದ ಮೆಕ್ಯಾನಿಕ್ ವಯಸ್ಸಾದವರು, ಮಾತು ಕಮ್ಮಿ. ಎಡಗಡೆಯ ಎರಡೂ ಪ್ಯಾಡ್ ಹೊರಗೆ ತೆಗೆದು ನನ್ನ ಅಂಗೈ ಮೇಲೆ ಇಟ್ಟರು. ಹೊರಗಿನದು ಹೆಚ್ಚುಕಮ್ಮಿ ಹೊಸದರ ಹಾಗೇ ಇತ್ತು. ಒಳಗಿನದು ಬಿಸ್ಕತ್ತಿನಷ್ಟು ತೆಳ್ಳಗೆ, ಅದೂ ಓರೆಯಾಗಿ ಸವೆದಿತ್ತು. "ಇದಕ್ಕೆ ಪ್ಯಾಡ್ ಹಾಕಿ ಎಂತ ಪ್ರಯೋಜನ ಮಾರಾಯ್ರೇ, ಪಿನ್ನೇ ಜಾಮ್ ಆಗಿದೆಯಲ್ಲ" ಅಂದರು.

ಆ ಪಿನ್ನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಬ್ರೇಕ್ ಒತ್ತಿದಾಗ ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಗೈಡ್ ಪಿನ್ನುಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನು ಎಳೆದು ತಂದು ಡಿಸ್ಕಿನ ಇನ್ನೊಂದು ಬದಿಗೆ ಕೂರಿಸುತ್ತದೆ. ಪಿನ್ನಿಗೆ ಒಂದು ರಬ್ಬರ್ ಬೂಟ್ ಇರುತ್ತದೆ. ಅದು ಹರಿದರೆ ನೀರು ಒಳಗೆ ಹೋಗುತ್ತದೆ, ಗ್ರೀಸ್ ಒಣಗುತ್ತದೆ, ತುಕ್ಕು ಹಿಡಿಯುತ್ತದೆ, ಪಿನ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಒಳಗಿನ ಪ್ಯಾಡೊಂದೇ ದುಡಿಯುತ್ತದೆ, ಕಾಲು ತೆಗೆದ ಮೇಲೂ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಪ್ಯಾಡ್ ಸರಿಯಾಗಿ ಕೂರದೆ ಅದುರಿದಾಗ ಡಿಸ್ಕೂ ಅದುರುತ್ತದೆ, ಆ ಅದುರುವಿಕೆಯೇ ನಮಗೆ ಕೇಳುವ ಕೀಂಯ್. ಮೈಲೇಜ್ ಇಳಿಯುವುದು, ಒಂದು ಚಕ್ರ ಮಾತ್ರ ಕೈ ಇಡಲಾಗದಷ್ಟು ಬಿಸಿಯಾಗುವುದು, ಇವೂ ಇದರದ್ದೇ ಲಕ್ಷಣ.

ಅವರು ಪಿನ್ ಎಳೆದು ತೆಗೆದು, ಎಮರಿ ಪೇಪರಿನಲ್ಲಿ ತಿಕ್ಕಿ, ತೂತು ಒರೆಸಿ, ಹೊಸ ಬೂಟ್ ಹಾಕಿ, ಸಿಲಿಕೋನ್ ಗ್ರೀಸ್ ಸವರಿದರು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಇಲ್ಲಿ ಆಗುವುದಿಲ್ಲ. ಅದರ ಎಣ್ಣೆಗೆ ರಬ್ಬರ್ ಉಬ್ಬಿ ಮತ್ತೆ ಜಾಮ್ ಆಗುತ್ತದೆ. ಪ್ಯಾಡಿನ ಕಿವಿ ಕೂರುವ ಜಾಗದ ತುಕ್ಕನ್ನೂ ತಂತಿ ಬ್ರಷ್ಷಿನಲ್ಲಿ ಕೆರೆದರು. ಡಿಸ್ಕಿನ ಅಂಚಿನಲ್ಲಿ ತುಕ್ಕಿನ ದಿಂಡು ಎದ್ದಿತ್ತು, ಹೊಸ ಪ್ಯಾಡಿಗೆ ತಾಗುತ್ತದೆ ಅಂತ ಅದನ್ನೂ ಸವರಿ ತೆಗೆದರು. ಹೇಗೂ ಒಳಗಿನ ಪ್ಯಾಡ್ ಮುಗಿದಿತ್ತು. ಆಗಲೇ ಸೆರಾಮಿಕ್ ಹಾಕಿಸಿದ್ದು.

ಇನ್ನು ಪ್ಯಾಡಿನ ಗುಣ. ಮೊದಲು ಇದ್ದದ್ದು ಉಕ್ಕಿನ ನಾರು ಬೆರೆತ ಸೆಮಿ-ಮೆಟಾಲಿಕ್. ಹಿಡಿತ ಚೆನ್ನಾಗಿತ್ತು, ಆದರೆ ಉಪ್ಪುಗಾಳಿಗೆ ಪ್ಯಾಡಿಗೂ ತುಕ್ಕು, ಡಿಸ್ಕಿಗೂ ತುಕ್ಕು. ಮಳೆಯಲ್ಲಿ ಎರಡು ದಿನ ನಿಲ್ಲಿಸಿದರೆ ಎರಡೂ ಅಂಟಿಕೊಂಡು, ಗಾಡಿ ಹೊರಡುವಾಗ ಟಕ್ ಅಂತ ಬಿಡುತ್ತಿತ್ತು. ಸೆರಾಮಿಕ್ಕಿನಲ್ಲಿ ಆ ಕಾಟ ಬಹಳ ಕಮ್ಮಿ. ಚಕ್ರದ ಮೇಲೆ ಕಪ್ಪು ಪುಡಿಯೂ ಕೂರುವುದಿಲ್ಲ. ಬರುವ ಪುಡಿ ತಿಳಿ ಬಣ್ಣದ್ದು, ನೀರು ಹೊಯ್ದರೆ ಹೋಗುತ್ತದೆ. ಹೆಂಡತಿಯ ಊರು ತೀರ್ಥಹಳ್ಳಿ, ಹಾಗಾಗಿ ಆಗುಂಬೆ ಘಾಟಿ ಆಗಾಗ ಇಳಿಯುವುದಿದೆ. 14 ಹೇರ್‌ಪಿನ್ ತಿರುವು ದಾಟಿ ಸೋಮೇಶ್ವರಕ್ಕೆ ಬಂದಾಗ ಸುಟ್ಟ ವಾಸನೆ ಇಲ್ಲ, ಪೆಡಲ್ ಮೆತ್ತಗಾಗುವುದೂ ಇಲ್ಲ. ಇಡೀ ಶ್ರೇಯ ಪ್ಯಾಡಿಗೆ ಕೊಡಲಾರೆ. ನಾನು ಎರಡನೇ ಗೇರಿನಲ್ಲೇ ಇಳಿಯುವುದು. ನ್ಯೂಟ್ರಲ್ ಹಾಕಿ ಇಳಿಯುವವರಿಗೆ ಯಾವ ಪ್ಯಾಡೂ ಕಾಯುವುದಿಲ್ಲ.

ಒಂದು ಸ್ಟಾರ್ ಕಳೆದದ್ದು ಬೆಳಗಿನ ಹಿಡಿತಕ್ಕೆ. ತಣ್ಣಗಿರುವಾಗ, ಅದರಲ್ಲೂ ಮಳೆಯಲ್ಲಿ, ಮೊದಲ ಒಂದೆರಡು ಸಲ ಪೆಡಲ್ ಸ್ವಲ್ಪ ಜೋರಾಗಿ ಒತ್ತಬೇಕು. ಮನೆಯವಳು ಓಡಿಸುವಾಗ ಇದನ್ನೇ ದೂರುತ್ತಾಳೆ. ಬೆಲೆಯೂ ಮಾಮೂಲಿ ಪ್ಯಾಡಿಗಿಂತ ಸುಮಾರು ಒಂದೂವರೆ ಪಟ್ಟು ಬಿತ್ತು. ಹಾಕಿದ ಮೇಲೆ ಅದನ್ನು ಡಿಸ್ಕಿಗೆ ಹೊಂದಿಸುವ ಕೆಲಸವೂ ಇದೆ: ಖಾಲಿ ರಸ್ತೆಯಲ್ಲಿ 50-60ರ ವೇಗದಿಂದ ಹದವಾಗಿ ಬ್ರೇಕ್ ಹಿಡಿದು 10ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿದು, ಹೀಗೇ ಹಲವು ಸಲ ಮಾಡಿ, ಕೊನೆಗೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣಿಸಬೇಕು. ಇದನ್ನು ಮಾಡದೆ ಸೆರಾಮಿಕ್ಕೂ ಕೂಗುತ್ತದೆ ಅಂತ ಬೈಯುವವರನ್ನು ಕಂಡಿದ್ದೇನೆ.

ಕೊಳ್ಳುವ ಮೊದಲು ನಿಮ್ಮ ಗಾಡಿಯ ಸದ್ದು ಯಾವ ಬಗೆಯದ್ದು ನೋಡಿ. ಬೆಳಿಗ್ಗೆ ಮೊದಲ ನಾಲ್ಕಾರು ಬ್ರೇಕಿಗೆ ಮಾತ್ರ ಕಿರ್ರ್ ಅಂದು ನಿಂತುಹೋದರೆ ಅದು ರಾತ್ರಿಯ ತುಕ್ಕು, ತಲೆಕೆಡಿಸಿಕೊಳ್ಳಬೇಡಿ. ಗಾಡಿ ಓಡುವಾಗ ಸಣ್ಣಗೆ ಕೀರಲು ಸದ್ದು ಬರುತ್ತಾ, ಬ್ರೇಕ್ ಒತ್ತಿದಾಗ ಬದಲಾದರೆ ಅಥವಾ ನಿಂತರೆ ಅದು ಪ್ಯಾಡಿನಲ್ಲೇ ಇಟ್ಟಿರುವ ತಗಡಿನ ನಾಲಿಗೆ ಇರಬಹುದು. ಪ್ಯಾಡಿನ ದಪ್ಪ ಎರಡು-ಮೂರು ಮಿಲಿಮೀಟರಿಗೆ ಇಳಿದಾಗ ಅದು ಡಿಸ್ಕಿಗೆ ತಾಗುತ್ತದೆ, ಆಗ ಪ್ಯಾಡ್ ಬದಲಿಸಲೇಬೇಕು. ಮುರಕಲ್ಲಿನ ಮಣ್ಣು ರಸ್ತೆಯಲ್ಲಿ ಹೋಗಿ ಬಂದ ಮೇಲೆ ಒಂದೇ ಸಮನೆ ಚರ್ರ್ ಅಂತಿದ್ದರೆ ಡಿಸ್ಕಿನ ಹಿಂದಿನ ತಗಡಿಗೆ ಹರಳು ಸಿಕ್ಕಿರಬಹುದು, ಕೆಲವೊಮ್ಮೆ ಗಾಡಿ ಹಿಂದೆ ಮುಂದೆ ಮಾಡಿದರೇ ಬಿದ್ದುಹೋಗುತ್ತದೆ. ಗರಗರ ಅಂತ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಸದ್ದಾದರೆ ಮಾತ್ರ ಅಲ್ಲೇ ನಿಲ್ಲಿಸಿ, ನಾಳೆ ನೋಡೋಣ ಅನ್ನಬೇಡಿ.

ಇದ್ಯಾವುದೂ ಅಲ್ಲ, ಗಾಡಿ ಬಿಸಿಯಾದ ಮೇಲೂ ಪ್ರತಿ ಬ್ರೇಕಿಗೂ ಕೂಗುತ್ತದೆ ಅಂದರೆ ಪ್ಯಾಡ್ ಕೇಳಬೇಡಿ, "ಪಿನ್ ತೆಗೆದು ತೋರಿಸಿ" ಅನ್ನಿ. ಒಳಗಿನ, ಹೊರಗಿನ ಪ್ಯಾಡ್ ಪಕ್ಕಪಕ್ಕ ಇಟ್ಟು ನೋಡಿ. ಕ್ಯಾಲಿಪರನ್ನು ಬ್ರೇಕ್ ಹೋಸಿನ ಮೇಲೆ ನೇತುಬಿಡುವವರಿದ್ದರೆ ತಂತಿಯಲ್ಲಿ ಕಟ್ಟಲು ಹೇಳಿ. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ ಒಳಗೆ ತಳ್ಳಿರುವುದರಿಂದ, ಗಾಡಿ ತೆಗೆಯುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಲೇಬೇಕು. ಮರೆತರೆ ಮೊದಲ ಬ್ರೇಕಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ. ಮತ್ತೆ, ಸದ್ದಿಗೆ ಡಬ್ಲ್ಯೂಡಿ-40 ಹೊಡೆಯಿರಿ ಅನ್ನುವ ಬುದ್ಧಿವಂತರು ಎಲ್ಲ ಕಡೆ ಸಿಗುತ್ತಾರೆ. ಡಿಸ್ಕಿಗೆ ಎಣ್ಣೆ ಹಾಕಿದರೆ ಸದ್ದೂ ಹೋಗುತ್ತದೆ, ಬ್ರೇಕೂ ಹೋಗುತ್ತದೆ.

ಹಿಂದಿನ ಡ್ರಮ್ಮಿನ ಕಥೆ ಬೇರೆ. ಅದರೊಳಗೆ ಸೇರಿದ ಪುಡಿ ಹೊರಗೆ ಬರುವುದಿಲ್ಲ, ಬಿಚ್ಚಿ ಕ್ಲೀನ್ ಮಾಡಿಸಬೇಕು. ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ಗಾಡಿ ನಾಲ್ಕು ದಿನ ನಿಲ್ಲುವುದಿದ್ದರೆ ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟೇ ಇಡುತ್ತೇನೆ. ಇಲ್ಲವಾದರೆ ಡ್ರಮ್ಮಿನೊಳಗೆ ಪ್ಯಾಡಿನ ಕೆಲಸ ಮಾಡುವ ಬ್ರೇಕ್ ಶೂ ಡ್ರಮ್ಮಿಗೆ ಅಂಟುತ್ತದೆ.

ಪ್ರತಿ ಮಳೆಗಾಲ ಮುಗಿದ ಮೇಲೆ ಪಿನ್ ತೆಗೆಸಿ ಗ್ರೀಸ್ ಮಾಡಿಸುತ್ತಿದ್ದೇನೆ. ಪ್ಯಾಡ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ, ಒಳಗಿನದೂ ಹೊರಗಿನದೂ ಸಮನಾಗಿ ಸವೆದಿವೆ. ಮುಗಿದಾಗ ಘಾಟಿಯ ಓಡಾಟ ಇರುವ ನಾನಂತೂ ಮತ್ತೆ ಇದನ್ನೇ ಹಾಕಿಸುವವನು. ಉಡುಪಿ-ಮಂಗಳೂರಿನ ಒಳಗೇ ಓಡಿಸುವವರಿಗೆ ಕಂಪನಿ ಪ್ಯಾಡೇ ಧಾರಾಳ ಸಾಕು, ಉಳಿದ ದುಡ್ಡಿಗೆ ಹೊಸ ಪಿನ್ನು, ಬೂಟ್ ತೆಗೆದುಕೊಳ್ಳಿ.