ಬಂದೂಕು ಎತ್ತುವ ಭುಜಕ್ಕೆ ಯಾವ ನೀರಿನ ಬೆನ್ನುಚೀಲ? ಮೂರು ಬಗೆಗಳ ಹೋಲಿಕೆ

ಬೆನ್ನಿನ ಮೇಲೆ ನೀರು ಹೊತ್ತು ಟ್ಯೂಬಿನಿಂದ ಹೀರಿ ಕುಡಿಯುವ ಹೈಡ್ರೇಷನ್ ಪ್ಯಾಕ್‌ಗಳ ಮಾತು ಬಂದಾಗ ಚರ್ಚೆ ಸಾಮಾನ್ಯವಾಗಿ ಲೀಟರ್ ಲೆಕ್ಕದಿಂದಲೇ ಆರಂಭವಾಗುತ್ತದೆ. ಬರಿಯ ಚಾರಣಕ್ಕಾದರೆ ಆ ಲೆಕ್ಕ ಬಹುಮಟ್ಟಿಗೆ ಸಾಕು. ಸಾಧಾರಣ ನಡಿಗೆಗೆ ಗಂಟೆಗೆ ಸುಮಾರು ಅರ್ಧ ಲೀಟರ್ ಎಂಬ ಬಳಕೆಯ ಅಂದಾಜನ್ನು ಹಿಡಿದು, ಬಿಸಿಲಿಗೂ ಏರಿಗೂ ತಕ್ಕಂತೆ ಹೆಚ್ಚಿಸಿಕೊಂಡರಾಯಿತು. ಆದರೆ ಅದೇ ಚೀಲವನ್ನು ಹೊತ್ತುಕೊಂಡು ರೈಫಲನ್ನೋ ಶಾಟ್‌ಗನ್ನನ್ನೋ ಭುಜಕ್ಕೆ ಎತ್ತಬೇಕಾದವರು ನೀರಿನ ಪ್ರಮಾಣಕ್ಕಿಂತ ಮೊದಲು ಭುಜಪಟ್ಟಿಯನ್ನು ನೋಡಬೇಕು ಎಂಬುದು ಮೂರು ಬಗೆಯ ಚೀಲಗಳನ್ನು ಬೆಟ್ಟದ ದಾರಿಯಲ್ಲಿಯೂ ಶೂಟಿಂಗ್ ರೇಂಜಿನಲ್ಲಿಯೂ ಬಳಸಿ ನೋಡಿದ ಮೇಲೆ ನಾನು ತಲುಪಿರುವ ಅಭಿಪ್ರಾಯ. ಓಟಗಾರರು ತೊಡುವ ವೆಸ್ಟ್ ಮಾದರಿ, ಸೇನಾ ಶೈಲಿಯ ಗಟ್ಟಿ ಚೀಲ, ಒಳಗೆ ಬ್ಲ್ಯಾಡರ್, ಅಂದರೆ ನೀರು ತುಂಬುವ ಮೆತ್ತನೆಯ ಪ್ಲಾಸ್ಟಿಕ್ ಚೀಲ, ಇಡಲು ಜಾಗವಿರುವ 20 ಲೀಟರ್ ಗಾತ್ರದ ಸಾಧಾರಣ ಡೇಪ್ಯಾಕ್, ಇವೇ ಆ ಮೂರು.

ಈ ಚೀಲಗಳ ಹುಟ್ಟು ಬಂದೂಕಿನ ಲೋಕದಲ್ಲಿ ಆದದ್ದಲ್ಲ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನಡೆಯುವ ನೂರು ಮೈಲಿಯ ಸೈಕಲ್ ಸವಾರಿಗೆಂದು ಮೈಕೆಲ್ ಈಡ್ಸನ್ ಎಂಬಾತ ಆಸ್ಪತ್ರೆಯ ಡ್ರಿಪ್ ಚೀಲಕ್ಕೆ ನೀರು ತುಂಬಿ, ಅದನ್ನು ಉದ್ದನೆಯ ಕಾಲುಚೀಲದೊಳಗೆ ಇಳಿಸಿ ಬೆನ್ನಿಗೆ ಕಟ್ಟಿಕೊಂಡದ್ದೇ ಇಂಥ ಚೀಲಗಳಿಗೆ ಹೆಸರಾದ ಕ್ಯಾಮೆಲ್‌ಬ್ಯಾಕ್ ಕಂಪನಿಯ ಮೂಲ. ಸೈಕಲ್ ಸವಾರನ ಭುಜದ ಮೇಲೆ ಬೇರೇನೂ ಬಂದು ಕೂರುವುದಿಲ್ಲ. ಆದ್ದರಿಂದಲೇ ಇಂದಿಗೂ ಹೆಚ್ಚಿನ ಚೀಲಗಳ ಪಟ್ಟಿಗಳ ಮೇಲೆ ಜೇಬು, ಜಿಪ್, ಕೊಂಡಿ, ಟ್ಯೂಬ್ ಎಲ್ಲವನ್ನೂ ಧಾರಾಳವಾಗಿ ಹೇರಿರುತ್ತಾರೆ.

ವೆಸ್ಟ್ ಮಾದರಿಯದು ನಡಿಗೆಯಲ್ಲಿ ಮೊದಲ ಸ್ಥಾನ. ಒಂದೂವರೆ ಅಥವಾ ಎರಡು ಲೀಟರ್ ನೀರು ಮೈಗೆ ಅಂಟಿಕೊಂಡಂತೆ ಇರುತ್ತದೆ, ಓಡಿದರೂ ಕುಲುಕುವುದಿಲ್ಲ, ಭಾರ ಎದೆಗೂ ಬೆನ್ನಿಗೂ ಹಂಚಿಹೋಗುತ್ತದೆ. ಕೈಯಲ್ಲಿ ಬಂದೂಕಿಲ್ಲದಿದ್ದರೆ ನಾನು ಬೇರೆ ಚೀಲವನ್ನು ಮುಟ್ಟುವುದೇ ಇಲ್ಲ. ರೇಂಜಿಗೆ ಬಂದೊಡನೆ ಅದರ ಗುಣವೇ ತೊಡಕಾಗುತ್ತದೆ: ಬಂದೂಕಿನ ಹಿಂತುದಿ ಕೂರಬೇಕಾದ ಭುಜದ ಕುಳಿಯ ಮೇಲೆಯೇ ಅಗಲವಾದ ಪಟ್ಟಿ ಹಾದುಹೋಗುತ್ತದೆ, ಹಿಂತುದಿಯ ರಬ್ಬರ್ ಪ್ಯಾಡ್ ಜಾಲರಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಟ್ರ್ಯಾಪ್, ಸ್ಕೀಟ್‌ನಂತಹ ಹಾರುವ ಗುರಿಗಳ ಆಟದಲ್ಲಿ ಇದು ಸಣ್ಣ ಸಂಗತಿಯಲ್ಲ. ಶಾಟ್‌ಗನ್ನಿಗೆ ರೈಫಲ್ಲಿನಂತೆ ಗುರಿ ಹೊಂದಿಸುವ ಹಿಂದಿನ ಸೈಟ್ ಇರುವುದಿಲ್ಲ, ಶೂಟರ್‌ನ ಕಣ್ಣೇ ಆ ಕೆಲಸ ಮಾಡುತ್ತದೆ; ಭುಜದಲ್ಲಿ ಪಟ್ಟಿಯ ದಪ್ಪ ಸೇರಿದರೆ ಬಂದೂಕು ಅಷ್ಟು ಮುಂದಕ್ಕೆ ಸರಿದು, ಕೆನ್ನೆ ಅದರ ಮೇಲೆ ಕೂರುವ ಜಾಗ ಬದಲಾಗಿ, ಕಣ್ಣು ನಳಿಗೆಯ ನೇರ ತಪ್ಪುತ್ತದೆ. ಬಂದೂಕಿನ ಬದಿಯ ಎದೆಜೇಬನ್ನು ಖಾಲಿ ಬಿಟ್ಟರೂ ಈ ತೊಂದರೆ ಅರ್ಧ ಮಾತ್ರ ತಗ್ಗುತ್ತದೆ.

ಸೇನಾ ಶೈಲಿಯ ಚೀಲವನ್ನು ಕೊಳ್ಳುವವರಲ್ಲಿ ಅನೇಕರು ಅದರ ನೋಟಕ್ಕೆ ಮರುಳಾಗುತ್ತಾರೆ ಎಂದು ನನಗೆ ಅನುಮಾನ. ಆದರೂ ಅದರಲ್ಲಿ ವಿಚಾರ ಮಾಡಿ ಮಾಡಿದ ಅಂಶಗಳಿವೆ. ಟ್ಯೂಬನ್ನು ಎಡ ಬಲ ಯಾವ ಭುಜದ ಮೇಲಿಂದಲಾದರೂ ಹೊರತರಬಹುದು. ಬಲಗೈ ಶೂಟರ್ ಅದನ್ನು ಎಡಕ್ಕೆ, ಎಡಗೈಯವರು ಬಲಕ್ಕೆ ತಿರುಗಿಸಿಕೊಂಡರೆ ಬಂದೂಕಿನ ದಾರಿ ತೆರವಾಗುತ್ತದೆ. ಸೊಂಟಪಟ್ಟಿಯನ್ನು ಪೂರ್ತಿ ಕಳಚಿಡಬಹುದಾದ್ದರಿಂದ ಪಿಸ್ತೂಲಿನ ಒರೆಯಾದ ಹೋಲ್‌ಸ್ಟರ್ ಆಗಲಿ ಕಾಡತೂಸಿನ ಚೀಲವಾಗಲಿ ಮುಚ್ಚಿಹೋಗುವುದಿಲ್ಲ. ಬ್ಲ್ಯಾಡರ್ ಇರುವ ಅರೆಗೆ ಶಾಖ ತಡೆಯುವ ಹೊದಿಕೆ ಕೊಟ್ಟಿರುವುದರಿಂದ ಮೈಯ ಬಿಸಿ ನೀರಿಗೆ ಬೇಗ ತಾಗದು. ಕಷ್ಟವೆಂದರೆ ತೂಕ. 500 ಅಥವಾ 1000 ಡೆನಿಯರ್ (ನೂಲಿನ ದಪ್ಪದ ಅಳತೆ) ನೈಲಾನ್, ಅದರ ಮೇಲೆ ಇತರ ಚೀಲಗಳನ್ನು ಸಿಕ್ಕಿಸಲೆಂದು 25 ಮಿಲಿಮೀಟರ್ ಅಗಲದ ಪಟ್ಟಿಗಳ ಸಾಲು, ಒಳಗೆ ಮೂರು ಲೀಟರ್ ನೀರೆಂದರೆ ಅದೇ ಮೂರು ಕಿಲೋ. ಆ ಪಟ್ಟಿಗಳ ಸಾಲು ಭುಜದ ಮುಂಭಾಗದಲ್ಲಿಯೂ ಇದ್ದರೆ ಬಂದೂಕಿನ ಒದೆತ ಅದರ ಗಂಟುಗಳ ಮೂಲಕವೇ ಮೈಗೆ ತಲುಪುತ್ತದೆ. ಇನ್ನೊಂದು ತೊಡಕು ನೆಲಕ್ಕೆ ಮಲಗಿ ಗುರಿಯಿಡುವಾಗ ಕಾಣಿಸುತ್ತದೆ: ತುಂಬಿದ ಚೀಲದ ಮೇಲ್ತುದಿ ಕತ್ತಿನ ಹಿಂಬದಿಗೆ ಒತ್ತಿ, ತಲೆ ಎತ್ತಿ ಸ್ಕೋಪ್ ನೋಡಲು ಬಿಡುವುದಿಲ್ಲ. ಅಂಗಡಿಯಲ್ಲಿ ನಿಂತು ಪರೀಕ್ಷಿಸಿದರೆ ಇದು ತಿಳಿಯುವುದಿಲ್ಲ. ನೀರು ತುಂಬಿಸಿ, ಹೊತ್ತು, ಒಮ್ಮೆ ಮಲಗಿಯೇ ನೋಡಬೇಕು. ಎತ್ತರ ಕಡಿಮೆಯಿರುವ ಎರಡು ಲೀಟರಿನ ಮಾದರಿಯಲ್ಲಿ ಈ ಒತ್ತಡ ಬಹಳ ಕಡಿಮೆ.

ಡೇಪ್ಯಾಕ್ ಹೊತ್ತುಕೊಂಡು ಗುಂಡು ಹಾರಿಸುವ ಯೋಚನೆಯನ್ನೇ ನಾನು ಬಿಟ್ಟಿದ್ದೇನೆ, ಮತ್ತು ಅದೇ ಅದರ ಅನುಕೂಲ ಎನ್ನಬಹುದು. ಕಿವಿ ಮುಚ್ಚುವ ಮಫ್, ಕಣ್ಣಿನ ರಕ್ಷಣೆಯ ಕನ್ನಡಕ, ಮಳೆ ಅಂಗಿ, ಕಾಡತೂಸು ಎಲ್ಲ ಒಂದರಲ್ಲೇ ಹಿಡಿಯುತ್ತವೆ. ಫೈರಿಂಗ್ ಲೈನಿನ ಹಿಂದೆ ಕೊಕ್ಕೆಗೆ ತೂಗುಹಾಕಿ ಸರದಿಯ ನಡುವೆ ಟ್ಯೂಬ್ ಎಳೆದು ಕುಡಿಯಬಹುದು. ಆದರೆ ಸಾಮಾನು ತುಂಬಿದ ಮೇಲೆ ಬ್ಲ್ಯಾಡರನ್ನು ಒಳಗೆ ತುರುಕುವುದು ತುಂಬಿದ ಮೂಟೆಗೆ ಮತ್ತೊಂದು ದಿಂಬು ಸೇರಿಸಿದಂತೆ, ಆದ್ದರಿಂದ ಮೊದಲು ನೀರು, ಆಮೇಲೆ ಸಾಮಾನು. ಮಧ್ಯಾಹ್ನ ಮತ್ತೆ ನೀರು ತುಂಬಿಸಬೇಕಾದರೆ ಎಲ್ಲವನ್ನೂ ಹೊರಗೆ ಸುರಿಯಬೇಕಾಗುತ್ತದೆ.

ಹಿಮದ ಮೇಲೆ ಸ್ಕೀ ಓಟ ಮತ್ತು ರೈಫಲ್ ಶೂಟಿಂಗ್ ಎರಡೂ ಸೇರಿದ ಬೈಯಥ್ಲಾನ್ ಆಡುವವರಿಗೆ ಈ ಮೂರೂ ಒದಗುವುದಿಲ್ಲ, ಅಲ್ಲಿ ಬೆನ್ನಿನ ಜಾಗ ರೈಫಲಿಗೇ ಮೀಸಲು. ಅಭ್ಯಾಸದ ವೇಳೆ ಸೊಂಟಕ್ಕೆ ಕಟ್ಟುವ ಸಣ್ಣ ಚೀಲವೇ ಅವರಿಗೆ ಉಳಿಯುವ ದಾರಿ.

ಚೀಲ ಯಾವುದಾದರೂ ಇರಲಿ, ಬಾಯಿಗೆ ಕಚ್ಚಿಕೊಳ್ಳುವ ವಾಲ್ವಿಗೆ ಮುಚ್ಚಳ ಇದೆಯೇ ಎಂಬುದನ್ನು ಶೂಟಿಂಗ್ ಮಾಡುವವರು ಕಡ್ಡಾಯವಾಗಿ ನೋಡಬೇಕು. ಕಾಡತೂಸಿನ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್‌ಗಳಲ್ಲಿ ಬಹಳಷ್ಟು ಇಂದಿಗೂ ಸೀಸದ ಸಂಯುಕ್ತದಿಂದ ಮಾಡಿದವು, ಗುಂಡುಗಳಲ್ಲಿಯೂ ಸೀಸವಿರುತ್ತದೆ. ಅದರ ಸೂಕ್ಷ್ಮ ಧೂಳು ಕೈಗೆ, ಅಂಗಿಗೆ, ಪಟ್ಟಿಗೆ ಅಂಟುತ್ತದೆ. ಅದೇ ಕೈಯಿಂದ ವಾಲ್ವನ್ನು ಹಿಡಿದು ಬಾಯಿಗಿಟ್ಟರೆ ಸೀಸ ನೇರವಾಗಿ ಹೊಟ್ಟೆಗೆ ಹೋಗುತ್ತದೆ. ಚಾರಣಿಗರು ಧೂಳಿಗೆಂದು ಬಳಸುವ ಮುಚ್ಚಳ ಇಲ್ಲಿ ಆರೋಗ್ಯದ ಪ್ರಶ್ನೆಯಾಗುತ್ತದೆ. ಮುಚ್ಚಳವಿದ್ದರೂ ಫೈರಿಂಗ್ ಲೈನಿನಿಂದ ಹಿಂದೆ ಬಂದು, ಸೋಪಿನಿಂದ ಕೈ ತೊಳೆದ ಮೇಲೆಯೇ ನಾನು ಕುಡಿಯುತ್ತೇನೆ. ವೆಸ್ಟ್ ಮಾದರಿಗಳಲ್ಲಿ ನಾನು ಬಳಸಿದ್ದಕ್ಕೆ ಮುಚ್ಚಳವಿರಲಿಲ್ಲ, ಬೇರೆಯಾಗಿ ಹಾಕಬೇಕಾಯಿತು. ಸೇನಾ ಶೈಲಿಯದರಲ್ಲಿ ಅದು ಜೊತೆಗೇ ಬಂದಿತ್ತು.

ಬ್ಲ್ಯಾಡರಿನ ಬಾಯಿ ಎರಡು ಬಗೆಯದು. ತಿರುಪಿನ ಅಗಲ ಮುಚ್ಚಳದ್ದು ಒಂದೇ ಕೈಯಲ್ಲಿ ತುಂಬಿಸಲು ಸುಲಭ, ಆದರೆ ತಿರುಪು ಸ್ವಲ್ಪ ಓರೆಯಾಗಿ ಕೂತರೂ ಸೋರುತ್ತದೆ, ಕಾಡತೂಸಿನ ಪಕ್ಕದಲ್ಲಿ ಸೋರುವುದು ಯಾರಿಗೂ ಬೇಡ. ಮೇಲಂಚನ್ನು ಮಡಚಿ ಜಾರುಪಟ್ಟಿಯಿಂದ ಬಿಗಿಯುವಂಥದ್ದು ಸೋರುವುದು ಅಪರೂಪ, ಪೂರ್ತಿ ತೆರೆದುಕೊಳ್ಳುವುದರಿಂದ ಒಳಗೆ ಕೈಹಾಕಿ ಉಜ್ಜಿ ಒಣಗಿಸಲೂ ಬರುತ್ತದೆ. ನಾನು ಎರಡನೆಯದರ ಪಕ್ಷ. ಬ್ಲ್ಯಾಡರ್ ಮಾಡುವ ಪ್ಲಾಸ್ಟಿಕ್‌ಗಳಲ್ಲಿ ಟಿಪಿಯು ಎಂಬುದು ಪಿವಿಸಿಗಿಂತ ಮೇಲು. ಚಳಿಯಲ್ಲಿ ಅಷ್ಟು ಬಿರುಸಾಗುವುದಿಲ್ಲ, ನೀರಿಗೆ ಪ್ಲಾಸ್ಟಿಕ್ ರುಚಿಯೂ ಕಡಿಮೆ. ಕುಡಿದಾದ ಮೇಲೆ ವಾಲ್ವಿನಿಂದ ಒಮ್ಮೆ ಊದಿ ಟ್ಯೂಬಿನ ನೀರನ್ನು ಹಿಂದಕ್ಕೆ ತಳ್ಳಿದರೆ ಬಿಸಿಲಲ್ಲಿ ಮುಂದಿನ ಮೊದಲ ಗುಟುಕು ಸುಡುವುದಿಲ್ಲ, ಹಿಮದಲ್ಲಿ ಟ್ಯೂಬ್ ಹೆಪ್ಪುಗಟ್ಟುವುದೂ ಇಲ್ಲ. ಸಕ್ಕರೆ ಬೆರೆತ ಪಾನೀಯ ತುಂಬಿಸಿದರೆ ಟ್ಯೂಬಿನೊಳಗೆ ಬೂಷ್ಟು ಖಚಿತ, ಅದನ್ನು ಬೇರೆ ಬಾಟಲಿಯಲ್ಲಿಡುವುದು ಲೇಸು.

ರೈಫಲ್ ಹೊತ್ತು ಒಂದು ನೆಲೆಯಿಂದ ಇನ್ನೊಂದಕ್ಕೆ ನಡೆಯುತ್ತಾ ಗುಂಡು ಹಾರಿಸುವ ಸ್ಪರ್ಧೆಗೆ ನಾನು ಆರಿಸುವುದು ಭುಜಪಟ್ಟಿಯ ಮುಂಭಾಗ ನಯವಾಗಿರುವ, ಎರಡು ಲೀಟರಿನ ಸೇನಾ ಶೈಲಿಯ ಚೀಲವನ್ನು. ಒಂದೇ ಜಾಗದಲ್ಲಿ ನಿಂತು ಆಡುವ ರೇಂಜಿಗೂ, ಹಾಗೆಯೇ ಟ್ರ್ಯಾಪ್ ಸ್ಕೀಟ್ ಎರಡಕ್ಕೂ, ಡೇಪ್ಯಾಕನ್ನು ಒಯ್ದು ಕೆಳಗಿಟ್ಟು ಆಡುವುದೇ ಸರಿ. ಮೂರು ಲೀಟರ್ ಬೇಕೇ ಬೇಕೆನ್ನುವವರು ಹೆಚ್ಚಿನ ಒಂದು ಲೀಟರನ್ನು ಬಾಟಲಿಯಲ್ಲಿ ಒಯ್ದರೆ ಬೆನ್ನಿನ ಚೀಲ ಚಿಕ್ಕದಾಗಿಯೇ ಉಳಿಯುತ್ತದೆ.