ಗುಪ್ತಚರ ಸಂಸ್ಥೆಗಳ ಮೇಲೆ ಸಂಸತ್ತಿನ ನಿಗಾ: ಅಮೆರಿಕದ ಮಾದರಿಯೋ, ಬ್ರಿಟನ್ನಿನದೋ?

ಅಣಕು ಸಂಸತ್ತಿಗೆ ಗುಪ್ತಚರ ಮೇಲ್ವಿಚಾರಣಾ ಮಸೂದೆಯೊಂದನ್ನು ಸಿದ್ಧಪಡಿಸಬೇಕಾದ ಬೆಳಗಾವಿಯ ವಿದ್ಯಾರ್ಥಿಗಳು ಮೊದಲು ಮಾದರಿಯನ್ನು ಆರಿಸಿಕೊಳ್ಳಬೇಕು. ನಮ್ಮ ಸಂಸತ್ತಿನಲ್ಲಿ ಇದಕ್ಕೆಂದೇ ಪ್ರತ್ಯೇಕ ಸಮಿತಿಯಿಲ್ಲ. 2011ರಲ್ಲಿ ಕಾಂಗ್ರೆಸ್ ಸಂಸದ ಮನೀಶ್ ತಿವಾರಿ ಅವರು ಇದೇ ವಿಷಯದಲ್ಲಿ ಮಂಡಿಸಿದ ಖಾಸಗಿ ಸದಸ್ಯರ ಮಸೂದೆಯೂ ಕಾನೂನಾಗಲಿಲ್ಲ.

ಅಮೆರಿಕದ ಮೇಲ್ಮನೆಯಾದ ಸೆನೆಟ್‌ನ ಗುಪ್ತಚರ ಸಮಿತಿಯು, ಗುಪ್ತಚರ ಸಂಸ್ಥೆಗಳು ತಮ್ಮದೇ ನಾಗರಿಕರ ಮೇಲೆ ನಡೆಸಿದ ಬೇಹುಗಾರಿಕೆಯನ್ನು ಸೆನೆಟರ್ ಫ್ರಾಂಕ್ ಚರ್ಚ್ ನೇತೃತ್ವದ ತನಿಖಾ ಸಮಿತಿ (ಚರ್ಚ್ ಸಮಿತಿ) ಬಯಲಿಗೆಳೆದ ಬಳಿಕ, 1976ರಲ್ಲಿ ರೂಪುಗೊಂಡಿತು. ಅದರ ನಿಜವಾದ ಬಲವಿರುವುದು ಆ ಸಂಸ್ಥೆಗಳ ಹಣದ ಮೇಲಿನ ಹಿಡಿತದಲ್ಲಿ ಮತ್ತು ಸಾಕ್ಷಿಗಳಿಗೆ ಸಮನ್ಸ್ ನೀಡುವ ಅಧಿಕಾರದಲ್ಲಿ. ಆದರೂ ಸಿಐಎಯ ಬಂಧನ ಹಾಗೂ ವಿಚಾರಣೆಯ ಕ್ರೂರ ವಿಧಾನಗಳ ಕುರಿತ 6,000ಕ್ಕೂ ಹೆಚ್ಚು ಪುಟಗಳ ವರದಿಯಲ್ಲಿ 2014ರಲ್ಲಿ ಜನರಿಗೆ ಸಿಕ್ಕಿದ್ದು ಸುಮಾರು 500 ಪುಟಗಳ ಸಾರಾಂಶ ಮಾತ್ರ. ಸಮಿತಿಯ ಸಿಬ್ಬಂದಿ ಬಳಸುತ್ತಿದ್ದ ಕಂಪ್ಯೂಟರುಗಳನ್ನೇ ಸಿಐಎ ನೌಕರರು ಜಾಲಾಡಿದ್ದಕ್ಕೆ ಅದರ ನಿರ್ದೇಶಕರು ಅದೇ ವರ್ಷ ಕ್ಷಮೆ ಕೇಳಬೇಕಾಯಿತು.

ಬ್ರಿಟನ್ನಿನ ಸಮಿತಿ 1994ರ ಕಾಯ್ದೆಯಿಂದ ಹುಟ್ಟಿ, 2013ರ ಕಾಯ್ದೆಯಿಂದ ಬಲಗೊಂಡಿತು. ಎರಡೂ ಸದನಗಳಿಂದ ಬರುವ ಅದರ ಒಂಬತ್ತು ಸದಸ್ಯರಲ್ಲಿ ಸಚಿವರಿಗೆ ಸ್ಥಾನವಿಲ್ಲ. ಆದರೆ ಸದಸ್ಯರ ಹೆಸರನ್ನು ಸೂಚಿಸುವವರು ಪ್ರಧಾನಿ. ವರದಿಯ ಸೂಕ್ಷ್ಮ ಭಾಗಗಳನ್ನು ತಡೆಹಿಡಿಸುವ ಅಧಿಕಾರವೂ ಅವರಿಗೇ ಇದೆ. ರಷ್ಯಾ ಕುರಿತ ವರದಿ 2019ರ ಅಕ್ಟೋಬರ್‌ನಲ್ಲಿ ಪ್ರಧಾನಿಯ ಕೈಸೇರಿದರೂ ಪ್ರಕಟವಾದದ್ದು 2020ರ ಜುಲೈನಲ್ಲಿ.

ಸರ್ಕಾರವು ಸದನದೊಳಗಿಂದಲೇ ರೂಪುಗೊಳ್ಳುವ ನಮ್ಮ ವ್ಯವಸ್ಥೆಗೆ ಬ್ರಿಟನ್ನಿನ ಚೌಕಟ್ಟು ಸಹಜವಾಗಿ ಹೊಂದುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ಹಣದ ಮೇಲಿನ ಹಿಡಿತವನ್ನು ಅಮೆರಿಕದಿಂದ ಪಡೆಯದಿದ್ದರೆ ಸಮಿತಿ ನಾಮಕಾವಾಸ್ತೆ ಆಗಿಬಿಡುತ್ತದೆ. ಅಧ್ಯಕ್ಷರನ್ನು ಸದಸ್ಯರೇ ಆರಿಸುವ ಬ್ರಿಟನ್ನಿನ ನಿಯಮವನ್ನಂತೂ ಮಸೂದೆಯಿಂದ ಬಿಡಬಾರದು: 2020ರಲ್ಲಿ ಸರ್ಕಾರ ಬಯಸಿದವರನ್ನು ಬದಿಗಿಟ್ಟು ಸಂಸದ ಜೂಲಿಯನ್ ಲೂಯಿಸ್ ಅವರನ್ನು ಆರಿಸಲು ಸದಸ್ಯರಿಗೆ ಸಾಧ್ಯವಾದದ್ದು ಅದರಿಂದಲೇ.